ಪೇಂಟರ್ ಸಣ್ಣಪ್ಪನ ಮೀನು

ಪೇಂಟರ್ ಸಣ್ಣಪ್ಪ ಬೋರ್ಡನ್ನು ಕೊನೆಯ ಅಕ್ಷರದಿಂದ ಶುರು ಮಾಡುತ್ತಿದ್ದ. ಅವನದು ಎಡಗೈ. ಎಲ್ಲರ ಹಾಗೆ ಎಡಗಡೆಯಿಂದ ಬರೆದುಕೊಂಡು ಹೋದರೆ ಹಸಿ ಬಣ್ಣಕ್ಕೆ ಮುಂಗೈ ತಾಗಿ ಅಕ್ಷರ ಕಲಸಿಹೋಗುತ್ತಿತ್ತು. ಅದಕ್ಕೆ ಬಲಗಡೆ ತುದಿಯಲ್ಲಿ ಸ್ಟೂಲು ಹಾಕಿಕೊಂಡು ಕೂತು ಒಂದೊಂದೇ ಅಕ್ಷರ ಹಿಂದಕ್ಕೆ ಬರುತ್ತಿದ್ದ. ಅವನು ಏನು ಬರೆಯುತ್ತಿದ್ದಾನೆಂದು ಪೂರ್ತಿ ಆಗುವವರೆಗೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೀದಿಯವರು ನಿಂತುಕೊಂಡು ಟೀ ಪಂದ್ಯ ಕಟ್ಟುತ್ತಿದ್ದರು. ಒಬ್ಬ ಬಟ್ಟೆ ಅಂಗಡಿ ಎನ್ನುತ್ತಿದ್ದ, ಇನ್ನೊಬ್ಬ ಗೊಬ್ಬರದ ಅಂಗಡಿ ಎನ್ನುತ್ತಿದ್ದ. ಗೆದ್ದವನಿಗೆ ಒಂದು ಟೀ, ಸಣ್ಣಪ್ಪನಿಗೆ ಒಂದು ಟೀ. ‘ಹೆಸ್ರು ಕೊನೇಗೆ ಬರ್ಬೇಕು ಕಣ್ಲಾ. ಮೊದ್ಲೇ ಬಂದ್ಬುಟ್ರೆ ಯಾವನು ನಿಂತು ನೋಡ್ತಾನೆ?’ ಎಂದು ಆ ಟೀಯನ್ನು ಸಾಸರಿಗೆ ಸುರಿದುಕೊಂಡು ಸೊರ್ ಎಂದು ಹೀರುತ್ತಿದ್ದ.

ನಾನು ಅವನ ಪಕ್ಕದ ಅಂಗಡಿಯ ಈರಣ್ಣ. ತುಮಕೂರಿನ ಹಳೇ ಬಡಾವಣೆಯೊಂದರಲ್ಲಿ ವಾಟರ್ ಸರ್ವಿಸ್ ಇಟ್ಟುಕೊಂಡಿದ್ದೇನೆ. ಆಟೋ, ಟೆಂಪೋ, ಕಾರು ತೊಳೆಯುವುದು ನನ್ನ ಕಸುಬು. ಓದಿದ್ದು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆಯ ಒಂದು ಊರಿನಲ್ಲಿ, ನಾಲ್ಕನೇ ಕ್ಲಾಸಿನವರೆಗೆ. ಬರೆಯುವುದು ನನಗೆ ಕಷ್ಟ. ಆದರೂ ಇವತ್ತು ಕೂತಿದ್ದೇನೆ. ಯಾಕೆಂದರೆ ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಗೌರಿಹಬ್ಬದ ದಿನ ಬೆಳಗ್ಗೆ ಹುಟ್ಟಿದಳು. ನನ್ನ ಮಗಳು ಭಾಗ್ಯಳನ್ನು ಅಮೃತೂರಿಗೆ ಕೊಟ್ಟು ಹನ್ನೊಂದು ವರ್ಷ ಆಗಿತ್ತು. ಹನ್ನೊಂದು ವರ್ಷಕ್ಕೆ ಒಂದು ಕೂಸು. ಕೈಗೆ ಕೊಟ್ಟಾಗ ಬೆಚ್ಚಗೆ ಒಂದು ಹಿಡಿ ಇತ್ತು. ನನಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ, ಎರಡೂ ಒಟ್ಟಿಗೇ ಬಂದಿರಬೇಕು, ನರ್ಸಮ್ಮ ‘ಕೂತ್ಕೊಳಿ ತಾತ, ಬೀಳ್ಸೀರಿ’ ಎಂದರು. ಪೇಡ ಹಂಚುವಾಗ ಗುರುತಿಲ್ಲದವರಿಗೂ ಕೊಟ್ಟೆ. ಸಿಟಿ ಬಸ್ಸಿನ ಕಂಡಕ್ಟರಿಗೆ ಎರಡು ಸಲ ಕೊಟ್ಟೆನಂತೆ. ಇಷ್ಟು ಸಂತೋಷ ಇಟ್ಟುಕೊಂಡು ಸಣ್ಣಪ್ಪನ ಬಗ್ಗೆ ಬರೆಯಲು ಯಾಕೆ ಕೂತೆ ಎಂದರೆ, ಈ ಕೂಸಿನಲ್ಲಿ ಅವನದೂ ಒಂದು ಪಾಲಿದೆ. ಅದು ಎಷ್ಟು, ಹೇಗೆ ಎಂಬುದು ನನಗೇ ಸರಿಯಾಗಿ ತಿಳಿಯುತ್ತಿಲ್ಲ. ಬರೆದರೆ ತಿಳಿದೀತು ಎಂದು ನೋಡುತ್ತಿದ್ದೇನೆ.

ಸಣ್ಣಪ್ಪ ಹೆಸರಿಗೆ ಸಣ್ಣಪ್ಪ, ಆಳು ಬಾಗಿಲಿಗೆ ತಲೆ ಬಗ್ಗಿಸಿ ಬರುವಷ್ಟು ಉದ್ದ. ಗುಬ್ಬಿಯವನು. ಅವನ ಅಪ್ಪ ನಾಟಕದ ಪರದೆ ಬರೆಯುತ್ತಿದ್ದನಂತೆ, ಅರಮನೆ, ಕಾಡು, ಬೀದಿ ಎಲ್ಲ. ಇವನು ಅಪ್ಪನ ಕುಂಚ ಹಿಡಿದುಕೊಂಡು ತುಮಕೂರಿಗೆ ಬಂದು ಬೋರ್ಡು, ಬಸ್ಸು, ಗೋಡೆ ಬರೆದ. ಮದುವೆ ಆಗಲಿಲ್ಲ. ಕೇಳಿದರೆ ‘ಯಾವ ಹುಡ್ಗಿ ಥಿನ್ನರ್ ವಾಸ್ನೆ ತಡಕೊಂಡಾಳು’ ಎನ್ನುತ್ತಿದ್ದ. ಕುಂಚವನ್ನು ಪ್ಯಾಂಟಿನ ಮಂಡಿಗೇ ಒರೆಸುವುದು ಅವನ ಅಭ್ಯಾಸ. ಆ ಮಂಡಿ ನೋಡಿದರೆ ತುಮಕೂರಿನ ಅರ್ಧ ಅಂಗಡಿಗಳ ಗುರುತು ಹೇಳಬಹುದಿತ್ತು. ಹಸಿರು ಬೀಜದ ಅಂಗಡಿಯದು, ಕೆಂಪು ಮಾಂಸದ ಹೋಟೆಲಿನದು. ಆಮೇಲೆ ಫ್ಲೆಕ್ಸು ಬಂದು ಇವನ ಕೆಲಸ ಕಡಿಮೆಯಾಯಿತು. ನಾನು ಮರುಗಿದರೆ ಅವನು ನಕ್ಕ. ‘ಫ್ಲೆಕ್ಸ್ ಹರಿದ್ರೆ ಎಮ್ಮೆ ಕೊಟ್ಟಿಗೆಗೆ ಹೊದ್ಸಬೋದು. ನನ್ ಬೋರ್ಡು ಹರಿಯಕ್ಕೇ ಇಲ್ವಲ್ಲ, ಅದೇ ನಾ ಮಾಡಿದ್ ತಪ್ಪು.’

ಇಂಥವನಿಗೆ ಮೋರಿಯ ಹುಚ್ಚು ಹಿಡಿದದ್ದು ಒಂದು ನೀಲಿ ಬಣ್ಣದಿಂದ.

ಅಮೃತೂರು ಕಡೆಯ ಒಬ್ಬ ಬಸ್ಸಿನ ಮಾಲೀಕರು ತಮ್ಮ ಬಸ್ಸಿಗೆ ಹೆಂಡತಿಯ ಧಾರೆ ಸೀರೆಯ ಬಣ್ಣವೇ ಬೇಕೆಂದು ಹಟ ಹಿಡಿದರು. ಸೀರೆಯನ್ನೇ ಪೇಪರಿನಲ್ಲಿ ಸುತ್ತಿಕೊಂಡು ತಂದಿದ್ದರು. ಸಣ್ಣಪ್ಪ ಎರಡು ದಿನ ಕೂತು ನೀಲಿಗೆ ಇಷ್ಟು ಹಸಿರು, ಇಷ್ಟೇ ಇಷ್ಟು ಕಪ್ಪು ಸೇರಿಸಿ ಸೀರೆಯ ಬಣ್ಣವನ್ನು ಹಿಡಿದ. ಬಸ್ಸಾಯಿತು. ಮಿಕ್ಕ ಬಣ್ಣಕ್ಕೆ ಥಿನ್ನರ್ ಸುರಿದು ಡಬ್ಬ ತೊಳೆದು ಅಂಗಡಿ ಮುಂದಿನ ಮೋರಿಗೆ ಚೆಲ್ಲಿದ. ನಲವತ್ತು ವರ್ಷದಿಂದ ಚೆಲ್ಲಿದ ಹಾಗೇ ಅವತ್ತೂ ಚೆಲ್ಲಿದ. ಸಂಜೆ ಜೋರು ಮಳೆ ಬಂತು.

ಭಾನುವಾರ ಅವನು ಅಕ್ಕನ ಊರಿಗೆ ಹೋದ. ಅಕ್ಕ ಹೊನ್ನಮ್ಮನದು ಊರಾಚೆ ಒಂದು ಕೆರೆಯ ಕೆಳಗೆ ಚೂರು ಜಮೀನು. ದಂಟು, ಹರಿವೆ, ಕೊತ್ತಂಬರಿ ಬೆಳೆದು ತುಮಕೂರಿನ ಮಾರ್ಕೆಟ್ಟಿಗೆ ತರುತ್ತಾಳೆ. ಅವಳು ತಮ್ಮನನ್ನು ಏರಿಯ ಮೇಲೆ ಕರೆದುಕೊಂಡು ಹೋಗಿ, ‘ಬಾ ಇಲ್ಲಿ ಸಣ್ಣ, ಕೆರೆಗೆ ಯಾವನೋ ಸೀರೆ ಹಾಸವ್ನೆ ನೋಡು’ ಎಂದಳಂತೆ. ತೂಬಿನ ಹತ್ತಿರ ನೀರಿನ ಮೇಲೆ ತೆಳ್ಳಗೆ ನೀಲಿ ಪೊರೆ. ಅವಳ ಹರಿವೆ ಮಡಿಯ ಅಂಚಿಗೂ ಅದೇ ನೀಲಿ.

ಸೋಮವಾರ ಅವನು ಅಂಗಡಿ ಬಾಗಿಲು ತೆಗೆಯಲಿಲ್ಲ. ನನ್ನ ಬೆಂಚಿನ ಮೇಲೆ ಕೂತಿದ್ದ.

‘ಈರಾ, ಆ ಬಣ್ಣ ಪ್ರಪಂಚದಾಗೆ ಇನ್ನೊಬ್ಬ ಕಲ್ಸಕ್ಕಿಲ್ಲ ಕಣ್ಲಾ. ನಂದೇ ಅದು.’

‘ಹೋಗ್ಲಿ ಬುಡು, ಮೋರಿ ನೀರು ಎಲ್ಲೋ ಕ್ಲೀನ್ ಮಾಡಿ ಬುಡ್ತಾರಂತಲ್ಲ.’

‘ಅದು ಕಕ್ಕಸ್ ಪೈಪು. ಇದು ಮಳೆ ಮೋರಿ. ಇದ್ನ ಯಾವನೂ ಕ್ಲೀನ್ ಮಾಡಕ್ಕಿಲ್ಲ, ಸೀದಾ ಕೆರೆ. ಇಲ್ಲಿ ಚೆಲ್ಲಿದ್ದು ಅಲ್ಲಿ ಹೋಯ್ತದೆ, ನಮ್ಮಕ್ಕ ಅದೇ ನೀರು ಸೊಪ್ಪಿಗೆ ಕಟ್ತಾಳೆ, ಆ ಸೊಪ್ಪು ನಿನ್ ಹೆಂಡ್ತಿ ತರ್ತಾಳೆ, ನೀನು ಸಾರು ಹುಯ್ಕೊಂಡು ಮುದ್ದೆ ಉಣ್ತೀಯ. ಏನ್ ರುಚಿಯಾಗೈತೆ ಅಂತೀಯ.’

ನನಗೆ ಗಾಬರಿಯಾಯಿತು. ಮೂವತ್ತು ವರ್ಷ ಆ ಮೋರಿಗೆ ನಾನು ಬಿಟ್ಟ ನೀರು ಎಷ್ಟು! ಗ್ರೀಸು, ಡೀಸೆಲ್ಲು, ಸೋಪಿನ ನೊರೆ, ಲಾರಿಯ ಅಡಿಯ ಮಡ್ಡಿ. ಆದರೆ ಅವನು ನನ್ನ ನೀರಿನ ಮಾತನ್ನೇ ಎತ್ತಲಿಲ್ಲ. ಎತ್ತುತ್ತಾನೆ ಎಂದು ನಾನು ಕಾದೆ. ಅವನು ಎದ್ದು ಹೋಗಿ ಕುಂಚ ತಂದ.

ಅವತ್ತೇ ನಮ್ಮ ಎರಡು ಅಂಗಡಿಗಳ ನಡುವಿನ ಮೋರಿ ಬಾಯಿಯ ಪಕ್ಕದ ಕಲ್ಲಿನ ಮೇಲೆ ಒಂದು ಮೀನು ಬರೆದ. ಮೊಳದುದ್ದ, ಬೆಳ್ಳಿ ಬಣ್ಣ, ಒಂದೊಂದು ಹುರುಪೆಯೂ ಎಣಿಸುವ ಹಾಗೆ. ಕಣ್ಣು ಮಾತ್ರ ನಾಟಕದ ರಾಜಕುಮಾರಿಯದು, ಅಪ್ಪನಿಂದ ಬಂದದ್ದು ಎಲ್ಲಿಗೆ ಹೋದೀತು. ಕೆಳಗೆ ಬರೆದ: ‘ಇಲ್ಲಿ ಹಾಕಿದ್ದು ಕೆರೆಗೆ ಹೋಗುತ್ತದೆ.’ ಓದಿದವರು ಕಸ ಹಾಕುವುದಿಲ್ಲ ಎಂಬುದು ಅವನ ಲೆಕ್ಕ.

ಒಂದು ವಾರಕ್ಕೆ ಮೀನಿನ ಹಣೆಗೆ ಕುಂಕುಮ ಬಂತು. ಮಾರನೆಯ ದಿನ ಚೆಂಡುಹೂವು. ಶುಕ್ರವಾರ ನೋಡಿದರೆ ಎರಡು ಊದಿನಕಡ್ಡಿ. ಯಾರು ಎಂದು ಸಣ್ಣಪ್ಪ ಬೆಳಗ್ಗೆ ಬೇಗ ಬಂದು ಕಾದ. ಕೊಡ ಹಿಡಿದುಕೊಂಡು ಬಂದವಳು ನನ್ನ ಹೆಂಡತಿ ಜಯಮ್ಮ! ಅರಿಶಿನದ ನೀರು ಹೊಯ್ದು, ಒಂದು ಲೋಟ ಹಾಲು ಮೋರಿ ಬಾಯಿಗೆ ಸುರಿದು, ಕೈ ಮುಗಿದು ನಿಂತಿದ್ದಾಳೆ.

‘ಜಯಕ್ಕ, ಏನಿದು?’

‘ಮತ್ಸ್ಯಾವತಾರ ಅಲ್ವೇನಣ್ಣ? ನೀವೇ ಬರೆದಿದ್ದು.’

‘ಮೀನು ಕಣಕ್ಕ ಅದು. ಬರೀ ಮೀನು. ಕೆರೆ ಮೀನು.’

‘ಬರೀ ಮೀನಿಗೆ ಅಂಥ ಕಣ್ಣು ಬರ್ದಾರಾ ಯಾರಾದ್ರೂ? ನಮ್ ಭಾಗ್ಯಂಗೊಂದು ಕೂಸಾಗ್ಲಿ ಅಂತ ಹರಕೆ ಹೊತ್ತಿವ್ನಿ. ನೀವು ಸುಮ್ಕಿರಿ.’

ಅವಳನ್ನು ನೋಡಿ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಶುರು ಮಾಡಿದರು. ನಿಂಬೆಹಣ್ಣಿನ ದೀಪ, ಬಾಳೆಹಣ್ಣು, ತೆಂಗಿನಕಾಯಿ ನೀರು. ಎಲ್ಲವೂ ಮೋರಿಗೇ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ‘ನೀನು ಕಸ ಬೇಡ ಅಂದೆ, ಅವ್ರು ಎಡೆ ಇಕ್ತಾವ್ರೆ.’

ಅವನು ತಲೆ ಕೆರೆದುಕೊಂಡು, ‘ಒಂದು ನೋಡ್ದಾ ಈರಾ? ಪೂಜೆ ಶುರುವಾದ್ ಮ್ಯಾಲೆ ಯಾವನೂ ಅಲ್ಲಿ ಉಚ್ಚೆ ಹುಯ್ಯಕ್ಕೆ ನಿಂತಿಲ್ಲ. ಪ್ಲಾಸ್ಟಿಕ್ ಹಾಕಿಲ್ಲ. ಗೆದ್ದೆನೋ ಸೋತೆನೋ ಒಂದೂ ಗೊತ್ತಾಗ್ತಿಲ್ಲ’ ಎಂದ. ನನಗೂ ಗೊತ್ತಾಗಲಿಲ್ಲ. ಇವತ್ತಿಗೂ ಇಲ್ಲ.

ಇದಾದ ಮೇಲೆ ಅವನ ತಲೆಗೆ ಹೊಕ್ಕಿದ್ದು, ಬರೀ ಚಿತ್ರ ಸಾಲದು, ಬಾಯಿಂದ ಹೇಳಬೇಕು ಎಂದು. ಒಂದು ಬೀದಿಗಲ್ಲ, ಇಡೀ ತುಮಕೂರಿಗೆ. ಪ್ರತಿ ಮೋರಿ ಬಾಯಿಗೂ ಒಂದು ಮೀನು, ಪ್ರತಿ ಗ್ಯಾರೇಜಿಗೂ ಹೋಟೆಲಿಗೂ ಮೂರು ಸಲ ಹೋಗಿ ಹೇಳುವುದು, ಹಳ್ಳಿಯಿಂದ ಹೊನ್ನಮ್ಮನಂಥವರನ್ನು ಕರೆತಂದು ಮಾತಾಡಿಸುವುದು. ಬಣ್ಣಕ್ಕೆ, ಹೋಗಿಬರುವುದಕ್ಕೆ, ಬಂದವರ ಕೂಲಿಗೆ ದುಡ್ಡು ಬೇಕು. ಅದನ್ನು ಸರ್ಕಾರದವರು ಕೊಡಬೇಕು.

‘ಹೇಳಕ್ಕೂ ದುಡ್ಡು ಬೇಕೇನ್ಲಾ?’ ಎಂದೆ. ‘ಒಂದ್ಸಲ ಕೂಗಿ ಹೇಳಿದ್ರೆ ಆಗಕ್ಕಿಲ್ವಾ?’

‘ನೀನು ಗೋಡೆಗೆ ಎಷ್ಟು ಕೋಟ್ ಹೊಡಿತೀಯ?’

‘ಮೂರು.’

‘ಮೊದಲ್ನೇದು ಗೋಡೆ ಕುಡಿದ್ಬುಡ್ತದೆ. ಎರಡನೇದು ಕಾಣ್ತದೆ. ಮೂರನೇದು ನಿಲ್ತದೆ. ಮಾತೂ ಅಷ್ಟೇ. ಮೊದಲ್ನೇ ಕೋಟಿಗೇ ಜನ ಬದಲಾಗ್ಲಿಲ್ಲ ಅಂತ ಬೈದ್ರೆ ಅದು ಪೇಂಟರ್ ತಪ್ಪು, ಗೋಡೇದಲ್ಲ.’

ಅವನು ಕಚೇರಿ ಕಚೇರಿ ಅಲೆದ. ನಾನೂ ಒಂದೆರಡು ಸಲ ಜೊತೆಗೆ ಹೋದೆ. ಒಂದು ಕಡೆ ಗುಮಾಸ್ತರೊಬ್ಬರು ಬಹಳ ಹೊತ್ತು ಕಡತ ತಿರುವಿ, ‘ನೋಡಿ ಸಣ್ಣಪ್ಪನೋರೆ, ಮೋರಿ ಕಟ್ಟಕ್ಕೆ ದುಡ್ಡಿದೆ. ಹೂಳು ತೆಗೆಯಕ್ಕೆ ಇದೆ. ಜೆಸಿಬಿ ಬಾಡಿಗೆಗಿದೆ. ಹೇಳಕ್ಕೆ ಅಂತ ಯಾವ ಬಾಬ್ತೂ ಇಲ್ಲ’ ಎಂದರು. ಇವನು, ‘ಸ್ವಾಮಿ, ಹೇಳಿದ್ರೆ ಹೂಳೇ ಕಡಿಮೆ ಆಯ್ತದಲ್ಲ’ ಎಂದ. ಅವರು ಯೋಚನೆ ಮಾಡಿ, ‘ನಿಮ್ಮ ಮಾತು ನಿಜ. ಆದ್ರೆ ಎಲ್ಲಿ ಬರೀಲಿ?’ ಎಂದರು. ಅವರ ಮುಖ ನಿಜವಾಗಿಯೂ ದಿಕ್ಕು ತೋಚದವರ ಹಾಗೆ ಇತ್ತು. ಪಾಪ ಎನಿಸಿತು ನನಗೆ.

ಕೊನೆಗೆ ಒಬ್ಬ ಇಂಜಿನಿಯರ್ ಮೇಡಂ ಮನಸ್ಸು ಕೊಟ್ಟು ಕೇಳಿದರು. ವಯಸ್ಸು ನಮ್ಮ ಭಾಗ್ಯನಷ್ಟೇ. ‘ಒಂದು ಬೀದೀಲಿ ಮಾಡಿ ತೋರಿಸಿ ಸಣ್ಣಪ್ಪ. ದಸರಾ ಹೊತ್ತಿಗೆ ನಾನೇ ಬಂದು ನೋಡ್ತೀನಿ. ಮೋರಿ ನೀರು ತಿಳಿಯಾಗಿದ್ರೆ, ಇಡೀ ಊರಿಗೆ ದುಡ್ಡು ಕೊಡಿ ಅಂತ ನಾನೇ ಬರೆದು ಕಳಿಸ್ತೀನಿ’ ಎಂದರು. ಅವತ್ತು ಅವನು ಸಾಸರಿಗೂ ಸುರಿದುಕೊಳ್ಳದೆ ಬಿಸಿ ಟೀ ಗಟಗಟ ಕುಡಿದು ನಾಲಗೆ ಸುಟ್ಟುಕೊಂಡ.

ಮೂರು ತಿಂಗಳು ಮನೆ ಮನೆ ಸುತ್ತಿದ. ಬೆಳಗ್ಗೆ ಹೋಟೆಲಿನವರಿಗೆ ಕರಿದ ಎಣ್ಣೆ ಸುರಿಯಬೇಡಿ ಎಂದ. ಮಧ್ಯಾಹ್ನ ಮನೆ ಕಟ್ಟುವವರಿಗೆ ಸಿಮೆಂಟು ತೊಳೆದ ನೀರು ಬಿಡಬೇಡಿ ಎಂದ. ಬೈಸಿಕೊಂಡ. ‘ನಿನ್ನಪ್ಪಂದಾ ಮೋರಿ?’ ಎಂದು ಒಬ್ಬ ಕೇಳಿದ್ದಕ್ಕೆ, ‘ಅಲ್ಲ ಸ್ವಾಮಿ, ನಮ್ಮಕ್ಕಂದು’ ಎಂದನಂತೆ. ಮತ್ತೆ ಹೋದ, ಮೂರನೆಯ ಸಲವೂ ಹೋದ. ಬೀದಿಯ ಮೋರಿ ನಿಧಾನವಾಗಿ ತಿಳಿಯಾಗುತ್ತ ಬಂತು. ನನ್ನ ಅಂಗಡಿಯಿಂದ ಮೇಲಕ್ಕೆ ಮಾತ್ರ. ನನ್ನ ಅಂಗಡಿಯಿಂದ ಕೆಳಕ್ಕೆ ಮೊದಲಿನ ಹಾಗೇ ಕಪ್ಪು.

ನನಗೊಬ್ಬನಿಗೆ ಅವನು ಹೇಳಲಿಲ್ಲ. ಪಕ್ಕದಲ್ಲೇ ಕೂತು ಟೀ ಕುಡಿಯುತ್ತಿದ್ದ, ನನ್ನ ನೊರೆ ಅವನ ಕಾಲಡಿಯಲ್ಲೇ ಹರಿದುಹೋಗುತ್ತಿತ್ತು, ಮಳೆ ಯಾವಾಗ ಬರುತ್ತದೆ ಎಂದು ಮಾತಾಡುತ್ತಿದ್ದ. ಒಂದು ಸಲ ಹೇಳಿದ್ದರೆ ನಾನು ಜಗಳವಾಡುತ್ತಿದ್ದೆ, ಎರಡನೆಯ ಸಲಕ್ಕೆ ಒಪ್ಪುತ್ತಿದ್ದೆನೋ ಏನೋ. ಹೇಳದೇ ಇರುವವನಿಗೆ ಏನು ಉತ್ತರ ಕೊಡಬೇಕು? ಅವನಿಗೆ ಕಾಣುತ್ತಿಲ್ಲವೋ, ನನ್ನನ್ನು ಆಡಿಸುತ್ತಿದ್ದಾನೋ, ನನ್ನ ಮೇಲೆ ಬೇಜಾರೋ, ಒಂದೂ ಅರ್ಥವಾಗದೆ ನಾನು ಸುಮ್ಮನೆ ಗಾಡಿ ತೊಳೆದೆ.

ಮೇಡಂ ಬರುತ್ತೇನೆ ಎಂದು ಹೇಳಿಕಳಿಸಿದ್ದು ಆಯುಧಪೂಜೆಯ ಹಿಂದಿನ ದಿನ. ಗಾಡಿ ತೊಳೆಯುವವನಿಗೆ ಆ ದಿನ ಎಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ವರ್ಷವೆಲ್ಲ ಕೆಸರಿನಲ್ಲಿ ಓಡಿಸುವವನೂ ಅವತ್ತು ಗಾಡಿ ತೊಳೆಸುತ್ತಾನೆ. ಬೆಳಕು ಹರಿಯುವ ಮೊದಲೇ ಸಾಲು ನಿಂತಿತ್ತು. ಆಟೋ, ಟ್ರಾಕ್ಟರು, ಹಾಲಿನ ವ್ಯಾನು. ಕೆಲವರು ಪೂಜೆಯನ್ನೂ ಅಲ್ಲೇ ಮುಗಿಸಿದರು. ಮೀನು ಇದೆಯಲ್ಲ, ದೇವರು ಹತ್ತಿರವೇ ಇದ್ದಾನೆ ಎಂದು ಗಾಡಿಯ ಮೂತಿಯನ್ನು ಆ ಕಡೆ ತಿರುಗಿಸಿ, ಬೂದುಗುಂಬಳದೊಳಗೆ ಕುಂಕುಮ ತುಂಬಿ ಮೀನಿನ ಮುಂದೆಯೇ ಒಡೆದರು. ಸಣ್ಣಪ್ಪ ಒಂದು ಪುಟ್ಟಿ ಹಿಡಿದುಕೊಂಡು ಓಡಾಡುತ್ತ ಹೋಳುಗಳನ್ನು ಬಳಿದು ತುಂಬುತ್ತಿದ್ದ. ‘ಅಣ್ಣಾ, ಒಂದ್ ಚೂರು ಆ ಕಡೆ ಒಡೀರಣ್ಣ, ದೇವ್ರು ಆ ಕಡೇನೂ ಅವ್ನೆ!’

ಆ ದಿನದ ಸಂಪಾದನೆ ಪೂರ್ತಿ ಭಾಗ್ಯನ ಆಸ್ಪತ್ರೆಗೆ ಎಂದು ನಾನು ಎತ್ತಿಟ್ಟಿದ್ದೆ. ದೀಪಾವಳಿ ಕಳೆದ ಮೇಲೆ ಇನ್ನೊಂದು ಸಲ, ಕೊನೆಯ ಸಲ ನೋಡೋಣ ಎಂದು ಡಾಕ್ಟರು ಹೇಳಿದ್ದರು. ಕೂಸಿಗಾಗಿ ಮಾಡಿಸುತ್ತಿದ್ದ ಚಿಕಿತ್ಸೆ ಆಗಲೇ ಎರಡು ಸಲ ಕೈಕೊಟ್ಟಿತ್ತು. ಅವಳಿಗೆ ಮೂವತ್ತೇಳು ತುಂಬುತ್ತಿತ್ತು. ಮೇಡಂ ಬರುವುದು ನನಗೆ ಗೊತ್ತಿತ್ತು. ಪಂಪು ನಿಲ್ಲಿಸಬೇಕು ಎಂದು ಮನಸ್ಸಿನಲ್ಲಿ ಹತ್ತು ಸಲ ಅಂದುಕೊಂಡೆ. ಹತ್ತೂ ಸಲ ಮುಂದಿನ ಗಾಡಿ ಬಂತು.

ಹನ್ನೊಂದು ಗಂಟೆಗೆ ಮೇಡಂ ಬಂದರು. ಮೇಲಿನಿಂದ ಮೋರಿ ನೋಡುತ್ತ ನಡೆದು ಬಂದರು, ಮುಖ ಅರಳುತ್ತ ಬಂತು. ಸಣ್ಣಪ್ಪ ಪಕ್ಕದಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ನನ್ನ ಅಂಗಡಿ ಮುಂದೆ ಬಂದು ಮೇಡಂ ನಿಂತರು. ಕರಿ ನೊರೆ, ಅದರ ಮೇಲೆ ಕಾಮನಬಿಲ್ಲಿನ ಹಾಗೆ ಎಣ್ಣೆ, ಅದರ ನಡುವೆ ಕುಂಕುಮದ ಕೆಂಪು. ಕುಣಿಗಲ್ಲಿನ ಟೆಂಪೋ ಒಂದು ನನ್ನ ಪೈಪಿನ ಕೆಳಗಿತ್ತು. ನಾನು ಪಂಪು ಆರಿಸಿದೆ.

‘ಇದು ಯಾರ ನೀರು?’ ಎಂದು ಕೇಳಿದರು.

ದಂಡ ಹಾಕುತ್ತಾರೆ, ಬಾಗಿಲು ಮುಚ್ಚಿಸುತ್ತಾರೆ, ಭಾಗ್ಯನ ಗತಿ ಏನು, ಇಷ್ಟೇ ನನ್ನ ತಲೆಯಲ್ಲಿ ತಿರುಗಿದ್ದು.

‘ನಂದೇ ಮೇಡಂ’ ಎಂದ ಸಣ್ಣಪ್ಪ. ‘ಹಬ್ಬ ಅಲ್ವಾ, ಡಬ್ಬ ಕುಂಚ ಎಲ್ಲಾ ತೊಳ್ದೆ. ಥಿನ್ನರ್ರು.’

‘ನೀವೇನ್ರೀ? ನೀವೇ ಹಿಂಗೆ ಮಾಡಿದ್ರೆ ಜನಕ್ಕೆ ಏನಂತ ಹೇಳ್ತೀರ?’

‘ಅದಕ್ಕೇ ಮೇಡಂ ದುಡ್ಡು ಕೇಳಿದ್ದು. ನನಗೂ ಯಾರಾದ್ರೂ ಬಂದು ಹೇಳ್ಲಿ ಅಂತ.’

ಸಾಲಿನಲ್ಲಿದ್ದ ಆಟೋದವರು ನಕ್ಕರು. ಮೇಡಂ ನಗಲಿಲ್ಲ. ಅವನ ಮುಖ ನೋಡಿದರು, ನನ್ನ ಕೈಯ ಪೈಪು ನೋಡಿದರು, ಮತ್ತೆ ಅವನ ಮುಖ ನೋಡಿದರು. ಅವರಿಗೆ ತಿಳಿಯಲಿಲ್ಲವೋ, ತಿಳಿದೂ ಸುಮ್ಮನಾದರೋ ಹೇಳಲಾರೆ. ‘ಹಿಂಗಿದ್ರೆ ನಾನು ಏನಂತ ಬರೀಲಿ ಸಣ್ಣಪ್ಪ’ ಎಂದಷ್ಟೇ ಹೇಳಿ ಜೀಪು ಹತ್ತಿದರು. ಅಲ್ಲಿಗೆ ಆ ವರ್ಷದ ದುಡ್ಡು ಹೋಯಿತು. ಅವನು ಅಂಗಿಯ ತೋಳು ಮಡಚಿಕೊಂಡು ಮತ್ತೆ ಪುಟ್ಟಿ ಎತ್ತಿಕೊಂಡ. ‘ಪಂಪ್ ಹಾಕ್ಲಾ ಈರಾ, ಸಾಲು ನಿಂತೈತೆ’ ಎಂದ.

ಹಬ್ಬ ಕಳೆದ ಮೇಲೆ ನಾನು ಕೇಳಿಯೇಬಿಟ್ಟೆ. ಕೋಪದಲ್ಲೇ ಕೇಳಿದೆ. ‘ಊರಿಗೆಲ್ಲ ಹೇಳ್ದೆ, ನನಗ್ಯಾಕೆ ಹೇಳ್ಲಿಲ್ಲ? ನಾನೇನು ನಿನಗೆ ಲೆಕ್ಕಕ್ಕೇ ಇಲ್ವಾ?’

ಅವನು ಕುಂಚದ ಕೂದಲು ಸರಿಮಾಡಿದ. ‘ಹೇಳಿದ್ರೆ ನೀನು ನಿಲ್ಲಿಸ್ಬುಡ್ತಿದ್ದೆ ಕಣ್ಲಾ. ಅದೇ ಭಯ ನಂಗೆ. ಕೆರೆ ಇನ್ನೊಂದ್ ವರ್ಷ ಕಾಯ್ತದೆ. ಹೆಣ್ಮಗಳ ವಯಸ್ಸು ಕಾಯಕ್ಕಿಲ್ಲ.’

ನಾನು ಎದ್ದು ಹೋಗಿ ಇಲ್ಲದ ಕೆಲಸ ಹುಡುಕಿದೆ. ಅವನು ಒಳ್ಳೆಯದು ಮಾಡಿದನೋ ಕೆಟ್ಟದ್ದು ಮಾಡಿದನೋ? ಅವನ ಅಕ್ಕನ ಸೊಪ್ಪಿನ ಮಡಿಗೆ ಇನ್ನೊಂದು ವರ್ಷ ನನ್ನ ಗ್ರೀಸು ಹೋಗಲಿ ಎಂದು ಅವನೇ ಒಪ್ಪಿದಂತಾಯಿತಲ್ಲ. ಹೊನ್ನಮ್ಮನನ್ನು ಯಾರು ಕೇಳಿದರು? ಈ ಪ್ರಶ್ನೆ ನನಗೆ ಹೊಳೆದದ್ದೂ ಆಮೇಲೆಯೇ.

ದೀಪಾವಳಿ ಕಳೆದು ಆಸ್ಪತ್ರೆಗೆ ಕಟ್ಟುವುದು ಕಟ್ಟಿದ ಮೇಲೆ ನಾನು ಅಂಗಡಿಯ ಹಿತ್ತಿಲಲ್ಲಿ ಗುಂಡಿ ತೆಗೆಸಿದೆ. ಒಂದರ ಪಕ್ಕ ಒಂದು ಮೂರು ಗುಂಡಿ, ಜಲ್ಲಿ, ಮರಳು, ಇದ್ದಿಲು ತುಂಬಿದ್ದು. ಸಣ್ಣಪ್ಪನೇ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿಕೊಟ್ಟ. ಮೊದಲ ಸಲ ಅಳತೆ ಕಡಿಮೆಯಾಗಿ ಉಕ್ಕಿ ಅವನ ಅಂಗಡಿಯೊಳಗೇ ನುಗ್ಗಿತು. ಅವನ ಡಬ್ಬಗಳೆಲ್ಲ ತೇಲಿದವು. ‘ಕೆರೆ ಬ್ಯಾಡ ಅಂತ ನಮ್ಮನೆಗೇ ಬುಟ್ಟ ನೋಡ್ರಪ್ಪ’ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ಮತ್ತೆ ಅಗೆದು ದೊಡ್ಡದು ಮಾಡಿದೆ.

ಅಷ್ಟರಲ್ಲಿ ಅವನಿಗೆ ಉಬ್ಬಸ ಜಾಸ್ತಿಯಾಗಿತ್ತು. ನಲವತ್ತು ವರ್ಷದ ಥಿನ್ನರು ಎದೆಯಲ್ಲಿ ಕೂತಿದೆ ಎಂದರಂತೆ ಡಾಕ್ಟರು. ಸಂಕ್ರಾಂತಿಗೆ ಅವನ ತಮ್ಮ ಬಂದು ಗುಬ್ಬಿಗೆ ಕರೆದುಕೊಂಡು ಹೋದ.

ನಾನು ಕೊನೆಯ ಸಲ ನೋಡಿದ್ದು ಅಲ್ಲಿಯೇ. ಭಾಗ್ಯನಿಗೆ ಬಸಿರು ನಿಂತಿದೆ ಎಂದು ಗೊತ್ತಾದ ವಾರ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಬಾಯಿ ಬಿಡಬಾರದು ಎಂದು ಜಯಮ್ಮ ಆಣೆ ಹಾಕಿಸಿದ್ದಳು. ನಾನು ಮಾರನೆಯ ದಿನವೇ ಗುಬ್ಬಿ ಬಸ್ಸು ಹತ್ತಿದೆ. ಅವನು ಜಗಲಿಯ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಉದ್ದದ ಆಳು ಮಡಚಿಟ್ಟ ಹಾಗಿದ್ದ. ಉಗುರಿನ ಸಂದಿಯಲ್ಲಿ ಇನ್ನೂ ಹಳದಿ ಬಣ್ಣ. ಹತ್ತಿರ ಕೂತು ಕಿವಿಯಲ್ಲಿ ಹೇಳಿದೆ.

ಅವನು ನನ್ನ ಕೈಯನ್ನು ತನ್ನ ಎಡಗೈಯಲ್ಲಿ ಹಿಡಿದುಕೊಂಡ. ಉಸಿರು ತಹಬಂದಿಗೆ ಬಂದ ಮೇಲೆ ಕೇಳಿದ, ‘ಗುಂಡೀಲಿ ಎಣ್ಣೆ ಮ್ಯಾಕೆ ನಿಲ್ತದಾ?’

‘ನಿಲ್ತದೆ. ದಪ್ಪಗೆ.’

‘ತೆಗ್ದು ಎಲ್ಲಿಗೆ ಹಾಕ್ತೀಯ?’

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಡಬ್ಬದಲ್ಲಿ ತುಂಬಿ ತುಂಬಿ ಮೂಲೆಯಲ್ಲಿ ಇಡುತ್ತಿದ್ದೆ. ಡಬ್ಬ ಮುಗಿದರೆ ಏನು ಎಂದು ನನಗೆ ಗೊತ್ತಿರಲಿಲ್ಲ.

‘ಹಳೇ ಆಯಿಲ್ ತಗಳೋರು ಬರ್ತಾರೆ, ಗ್ಯಾರೇಜ್ನೋರ ಹತ್ರ ಕೇಳು. ಕೇಳ್ಕೋ ಮೊದ್ಲು. ಆಮ್ಯಾಕೆ ಕೂಸಿನ್ ಸುದ್ದಿ ಮಾತಾಡನ’ ಎಂದ. ಆಮೇಲೆ ಕೂಸಿನ ಸುದ್ದಿ ಮಾತಾಡಲಿಲ್ಲ, ಕೆಮ್ಮು ಬಂತು, ತಮ್ಮನ ಹೆಂಡತಿ ಬಿಸಿನೀರು ತಂದಳು, ನನ್ನ ಬಸ್ಸಿಗೆ ಹೊತ್ತಾಯಿತು. ಯುಗಾದಿಗೆ ಇನ್ನೂ ಎಂಟು ದಿನ ಇದೆ ಎನ್ನುವಾಗ ಹೋಗಿಬಿಟ್ಟ. ಮಣ್ಣಿಗೆ ಹೋಗಿ ಬಂದೆ. ಹೊನ್ನಮ್ಮ ಒಂದು ಮೂಲೆಯಲ್ಲಿ ಕೂತಿದ್ದಳು. ‘ಸೊಪ್ಪು ಈಗ ಚೆನ್ನಾಗಿ ಬರ್ತೈತಾ ಅಕ್ಕ?’ ಎಂದು ಕೇಳಲು ಬಾಯಿಗೆ ಬಂದದ್ದನ್ನು ನುಂಗಿದೆ.

ಈಗ ಕೂಸು ನಮ್ಮ ಮನೆಯಲ್ಲಿದೆ. ಅಳುತ್ತದೆ, ಆಹಾ, ಬೀದಿ ತುದಿಗೆ ಕೇಳುವ ಹಾಗೆ ಅಳುತ್ತದೆ! ಜಯಮ್ಮ ಮೀನೇ ಕೊಟ್ಟದ್ದು ಎನ್ನುತ್ತಾಳೆ. ಭಾಗ್ಯ ಡಾಕ್ಟರು ಕೊಟ್ಟದ್ದು ಎನ್ನುತ್ತಾಳೆ. ಎತ್ತಿಕೊಂಡು ಆ ಪುಟ್ಟ ಕಾಲು ನೋಡುವಾಗಲೆಲ್ಲ ನನಗೆ ಹಿಗ್ಗು ತಡೆಯುವುದಿಲ್ಲ. ಹಿಗ್ಗಿನ ಹಿಂದೆಯೇ ಆ ಕರಿ ನೊರೆ ಬರುತ್ತದೆ. ಅವತ್ತು ಪಂಪು ನಿಲ್ಲಿಸಿದ್ದರೆ ಈ ಕಾಲು ಇರುತ್ತಿತ್ತೋ ಇಲ್ಲವೋ. ನಿಲ್ಲಿಸದೇ ಇದ್ದದ್ದಕ್ಕೆ ಒಬ್ಬ ಮನುಷ್ಯ ಮಾಡದ ತಪ್ಪು ಹೊತ್ತುಕೊಂಡು ಹೋದ. ಎರಡನ್ನೂ ಒಟ್ಟಿಗೆ ಹೇಗೆ ಎತ್ತಿಕೊಳ್ಳಬೇಕೆಂದು ನನಗೆ ತಿಳಿಯುತ್ತಿಲ್ಲ.

ಮೊನ್ನೆ ತಡೆಯಲಾರದೆ ಕಚೇರಿಗೆ ಹೋದೆ, ಉಳಿದ ಪೇಡದ ಡಬ್ಬ ಹಿಡಿದುಕೊಂಡು. ಆ ಮೇಡಂಗೆ ವರ್ಗವಾಗಿತ್ತು. ಅವರ ಜಾಗದಲ್ಲಿ ಒಬ್ಬ ಹುಡುಗನಂಥ ಸಾಹೇಬರು. ‘ಸಾರ್, ಹೋದ ವರ್ಷ ಹಬ್ಬದ ಹಿಂದಿನ ದಿನ ಮೋರಿಗೆ ಬಿಟ್ಟ ನೀರು ನಂದು. ಸಣ್ಣಪ್ಪಂದಲ್ಲ’ ಎಂದೆ.

‘ಯಾವ ಸಣ್ಣಪ್ಪ? ಯಾವ ನೀರು?’ ಅವರು ಕಡತ ತರಿಸಿದರು, ಹುಡುಕಿದರು. ಏನೂ ಇರಲಿಲ್ಲ. ಮೇಡಂ ಏನನ್ನೂ ಬರೆದೇ ಇರಲಿಲ್ಲ. ತಪ್ಪು ಎಂದೂ ಬರೆದಿಲ್ಲ, ಸರಿ ಎಂದೂ ಇಲ್ಲ.

ನಾನು ನಿಂತೇ ಇದ್ದುದನ್ನು ನೋಡಿ ಸಾಹೇಬರಿಗೆ ಕನಿಕರ ಬಂದಿರಬೇಕು. ‘ಯಜಮಾನ್ರೆ, ಈ ವರ್ಷ ಜನಕ್ಕೆ ತಿಳಿಸೋದಕ್ಕೆ ಅಂತಾನೇ ದುಡ್ಡು ಬಂದಿದೆ. ಮಳೆನೀರಿನ ಮೋರಿ ಬಗ್ಗೆನೇ. ನಿಮ್ಮಂಥವರು ಅರ್ಜಿ ಹಾಕಬಹುದು. ತಗೊಳ್ಳಿ’ ಎಂದು ಒಂದು ಹಾಳೆ ಕೊಟ್ಟರು. ಬಂದಿದೆಯಂತೆ! ಅವನು ಚಪ್ಪಲಿ ಸವೆಸಿ ಕೇಳಿದ್ದು ಬಂದಿದೆಯಂತೆ, ಕೇಳಿದವನೇ ಇಲ್ಲ.

ಬೆಂಚಿನ ಮೇಲೆ ಕೂತು ಕನ್ನಡಕ ಹಾಕಿಕೊಂಡು ಒಂದೊಂದೇ ಓದಿ ತುಂಬಿದೆ. ಹೆಸರು. ವಿಳಾಸ. ಕಸುಬು. ಆಮೇಲೆ ಒಂದು ದೊಡ್ಡ ಖಾಲಿ ಜಾಗ ಇತ್ತು. ಸಾರ್ವಜನಿಕರಿಗೆ ತಾವು ತಿಳಿಸಲು ಉದ್ದೇಶಿಸಿರುವ ವಿಷಯವೇನು ಎಂದು ಕೇಳಿತ್ತು. ನಾನು ಬಹಳ ಹೊತ್ತು ಯೋಚಿಸಿ ಬರೆದೆ: ‘ನಾನು ಈರಣ್ಣ, ಮೂವತ್ತು ವರ್ಷ ಗಾಡಿ ತೊಳೆದ ನೀರನ್ನು ಮಳೆ ಮೋರಿಗೆ ಬಿಟ್ಟೆ. ಅದು ಕೆರೆಗೆ ಹೋಯಿತು. ಕೆರೆ ಕೆಳಗೆ ಹೊನ್ನಮ್ಮ ಸೊಪ್ಪು ಬೆಳೆಯುತ್ತಾಳೆ. ಮೇಡಂ ಯಾರದು ಎಂದು ಕೇಳಿದಾಗ ನಾನು ಸುಮ್ಮನಿದ್ದೆ. ಪೇಂಟರ್ ಸಣ್ಣಪ್ಪ ತನ್ನದು ಎಂದ. ಅವನದಲ್ಲ.’

ಸಾಹೇಬರು ಎರಡು ಸಲ ಓದಿದರು. ಪೇಡ ಕೈಯಲ್ಲೇ ಇತ್ತು, ತಿನ್ನಲಿಲ್ಲ.

‘ಯಜಮಾನ್ರೆ, ಇದು ಪ್ರಚಾರ ಅಲ್ಲ. ತಪ್ಪೊಪ್ಪಿಗೆ.’

ಎರಡಕ್ಕೂ ಏನು ವ್ಯತ್ಯಾಸ ಎಂದು ನನಗೆ ಹೊಳೆಯಲಿಲ್ಲ. ಸಹಿ ಎಲ್ಲಿ ಹಾಕಬೇಕು ಎಂದು ಕೇಳಿದೆ.